ಡೆಡ್ ಸ್ಟಾಕ್ ಖೋಲಿಯ ಒಂಬತ್ತು ಕಂಪ್ಯೂಟರ್

ರಾಯಬಾಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಗೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲು. ನಮ್ಮ ಕ್ಲಾಸಿನ ಗೆಳೆಯನೊಬ್ಬ ಓದಿದ ಸಾಲಿ ಅದು. ಇಂಟರ್ನಲ್ಸ್ ಮುಗಿಸಿ ಊರಿಗೆ ಹೋದವನು ಸುಮ್ಮನೆ ಸಾಲಿ ಕಡೆ ಹೋಗಿ ಬಂದ. ಹಾಸ್ಟೆಲಿಗೆ ಮರಳಿದ ಮೇಲೆ ಅವನು ಹೇಳಿದ್ದು ಇಷ್ಟು: "ಎಂಟನೇ ಕ್ಲಾಸ್ ಹುಡುಗ್ರು ಕೀಬೋರ್ಡಿನ ಚಿತ್ರ ಬೋರ್ಡ್ ನೋಡಿ ವಹಿಯೊಳಗ ತಕ್ಕೊಳ್ಳಾಕತ್ತಿದ್ರೋ. ಬಾಜೂ ಖೋಲಿಯೊಳಗ ಒಂಬತ್ತು ಕಂಪ್ಯೂಟರ್ ಧೂಳ ಹಿಡದು ಕುಂತಾವ."

ಮುಂದಿನ ಶನಿವಾರ ನಾವು ನಾಲ್ಕು ಜನ ಹೋದೆವು. ಹೆಡ್ ಸರ್ ಕೀಲಿ ಕೊಡುವಾಗ ನಕ್ಕರು. "ನೋಡ್ರಪಾ, ಭಂಗಾರದಾಂವ ಕಿಲೋ ಲೆಕ್ಕದಾಗ ಕೇಳಿ ಹೋಗ್ಯಾನ. ನಿಮ್ಮಿಂದ ಆದ್ರ ಚಲೋ, ಆಗ್ಲಿಲ್ಲಂದ್ರ ಇದ್ದಂಗ ಇಡ್ರಿ. ಸ್ಕ್ರೂ ಸೈತ ಎಣಿಸಿ ಇಡಬೇಕು, ಎಲ್ಲಾ ಡೆಡ್ ಸ್ಟಾಕ್ ರಜಿಸ್ಟರಿನಾಗ ಅದಾವ."

ಆರು ಶನಿವಾರ ಹೋದೆವು. ಒಂಬತ್ತರಲ್ಲಿ ಐದು ಈಗ ನಡೆಯುತ್ತಿವೆ. ಒಂದನ್ನು ನಾವೇ ಕೈಯಾರೆ ಸಾಯಿಸಿದೆವು, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ಹಳೇ ಕಂಪ್ಯೂಟರ್ ರಿಪೇರಿ ಅಂದರೆ ಯಾವ ಪಾರ್ಟ್ ಎಲ್ಲಿ ಕೂಡುತ್ತದೆ ಅನ್ನೋ ವಿದ್ಯೆ ಅಂತ ನಾವು ಅಂದುಕೊಂಡಿದ್ದೆವು. ಅದು ಅರ್ಧ ಮಾತ್ರ. ಬೇರೆ ಡಬ್ಬಿಯಿಂದ ತೆಗೆದ ಪಾರ್ಟಿನಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಅಳೆಯದೆ ಮುಟ್ಟಬಾರದು ಅನ್ನೋದು ಉಳಿದರ್ಧ. ನಮಗೆ ಪೆಟ್ಟು ಬಿದ್ದಿದ್ದು ಈ ಎರಡನೇ ಅರ್ಧದಲ್ಲೇ.

ಮೊದಲು ಸುಣ್ಣದಕಡ್ಡಿಯಿಂದ ಎಲ್ಲ ಕ್ಯಾಬಿನೆಟ್ಟಿಗೂ 1ರಿಂದ 9ರವರೆಗೆ ನಂಬರ್ ಬರೆದೆವು. ಒಳಗಿನ ಪ್ರತಿ ಪಾರ್ಟಿಗೂ ಕಾಗದದ ಟೇಪಿನ ಮೇಲೆ ಅದೇ ನಂಬರ್. 1 ಮತ್ತು 2 ಎರಡನೇ ತಲೆಮಾರಿನ ಐ3, ಎಚ್61 ಬೋರ್ಡ್. 3ರಿಂದ 8 ಎಲ್ಲಾ ಎಲ್‌ಜಿಎ775 ಸಾಕೆಟ್ಟಿನ ಡ್ಯುಯಲ್ ಕೋರ್ ಮತ್ತು ಕೋರ್ 2 ಡ್ಯುಯೋ, ಕೆಲವು ಜಿ31, ಕೆಲವು ಜಿ41. 9 ಪೆಂಟಿಯಮ್ 4. ಅದರ ಪ್ರೊಸೆಸರ್ ಸುತ್ತಲಿನ ಕೆಪಾಸಿಟರುಗಳು ಉಬ್ಬಿದ ಪೂರಿಯಂತೆ ತಲೆ ಎತ್ತಿದ್ದವು. 1999ರಿಂದ 2007ರ ಸುಮಾರಿಗೆ ತಯಾರಾದ ಎಷ್ಟೋ ಬೋರ್ಡುಗಳಿಗೆ ಇದೇ ರೋಗ, ಒಳಗಿನ ಎಲೆಕ್ಟ್ರೊಲೈಟ್ ಕೆಟ್ಟು ಗ್ಯಾಸ್ ಆಗಿ ತಲೆ ಒಡೆಯುವುದು. ಬದಲಿಸಲು ಬರುತ್ತದೆ: ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯ ಲೋ ಇಎಸ್ಆರ್ ಮಾದರಿ. ಆದರೆ ಆ ಹಳೇ ಪೆಂಟಿಯಮ್ಮಿಗೆ ಅಷ್ಟು ಸೋಲ್ಡರ್ ಸುಡುವುದು ಬೇಡ ಅನ್ನಿಸಿತು. 9ನೇದು ದಾನಿ ಆಯಿತು. ಅದರಿಂದ ಬಂದ ಪುಟ್ಟ ಸ್ಪೀಕರ್ ಮುಂದೆ ಬಹಳ ಉಪಯೋಗಕ್ಕೆ ಬಂತು.

5ನೇ ನಂಬರಿನ ಕಥೆ

5ನೇದು ಆಫೀಸಿನಲ್ಲಿದ್ದ ಮಷಿನ್. ಬಟನ್ ಒತ್ತಿದರೆ ಏನೂ ಇಲ್ಲ, ಫ್ಯಾನ್ ಕೂಡ ತಿರುಗುವುದಿಲ್ಲ. ಎಸ್‌ಎಂಪಿಎಸ್ ಹೋಗಿದೆ ಅಂತ ಗೊತ್ತಾಯಿತು. ಬರುವಾಗ ಗುಜರಿ ಅಂಗಡಿಯಿಂದ ಒಂದು ಎಸ್‌ಎಂಪಿಎಸ್ ತಂದಿದ್ದೆವು. ಹೊರಗಿನಿಂದ ಹೊಸದರಂತೆ ಫಳಫಳ. ಉಳಿದ ಡಬ್ಬಿಗಳಲ್ಲಿರುವುದನ್ನು ಬಿಚ್ಚುವ ತಾಳ್ಮೆ ಇಲ್ಲದೆ ಅದನ್ನೇ ನೇರವಾಗಿ ಹಾಕಿ ಬಟನ್ ಒತ್ತಿದೆ. ಹೌದು, ಒತ್ತಿದ್ದು ನಾನೇ. ಫ್ಯಾನ್ ಒಂದು ಕ್ಷಣ ಜೋರಾಗಿ ತಿರುಗಿತು, ಚಿಟ್ ಅಂದಿತು, ಸುಟ್ಟ ವಾಸನೆ ಬಂತು. ಬೋರ್ಡ್ ಹೋಯಿತು.

ಆಗ ಕಂಪ್ಯೂಟರ್ ನೋಡಿಕೊಳ್ಳುವ ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು: "ಅದರೊಳಗಿನ ಫೋಟೋ ಸಿಗ್ತಾವಲ್ರೀ? ಗ್ಯಾದರಿಂಗ್ ಫೋಟೋ, ಹಳೇ ಬ್ಯಾಚಿನ ಮಾರ್ಕ್ಸು, ಎಲ್ಲಾ ಅದರಾಗ ಐತಿ. ಬ್ಯಾರೆ ಕಡೆ ಇಲ್ಲ."

ಆ ಹಾರ್ಡ್ ಡಿಸ್ಕನ್ನು ಬೇರೆ ಮಷಿನ್ನಿಗೆ ಹಚ್ಚಿದರೆ ಆ ಮಷಿನ್ನೂ ಆನ್ ಆಗಲಿಲ್ಲ. ಫ್ಯಾನ್ ಒಮ್ಮೆ ಅಲುಗಾಡಿ ನಿಂತಿತು. ಡಿಸ್ಕ್ ಕಿತ್ತರೆ ಮಷಿನ್ ಸರಿ. ನಾಲ್ಕು ಜನರ ಮುಖದಲ್ಲೂ ರಕ್ತ ಇರಲಿಲ್ಲ ಬಿಡ್ರಿ. ಆ ವಾರವಿಡೀ ನನಗೆ ಕ್ಲಾಸಿನಲ್ಲಿ ತಲೆ ಇರಲಿಲ್ಲ.

ಡಿಸ್ಕನ್ನು ಹಾಸ್ಟೆಲಿಗೆ ತಂದು ಮಲ್ಟಿಮೀಟರ್ ಹಿಡಿದಾಗ ಒಂದು ಆಸೆ ಕಂಡಿತು. ಹಾರ್ಡ್ ಡಿಸ್ಕಿನ ತಳದ ಬೋರ್ಡಿನಲ್ಲಿ, ಪವರ್ ಕನೆಕ್ಟರಿನ ಹತ್ತಿರ, ಸಾಮಾನ್ಯವಾಗಿ ಎರಡು ಟಿವಿಎಸ್ ಡಯೋಡ್ ಇರುತ್ತವೆ. ಒಂದು 5 ವೋಲ್ಟ್ ಲೈನಿಗೆ, ಒಂದು 12 ವೋಲ್ಟ್ ಲೈನಿಗೆ. ವೋಲ್ಟೇಜ್ ಮಿತಿಯಲ್ಲಿ ಇರುವತನಕ ಅವು ಇಲ್ಲವೇನೋ ಎಂಬಂತೆ ಸುಮ್ಮನಿರುತ್ತವೆ. ಮಿತಿ ಮೀರಿದರೆ ನಡೆಯಲು ಶುರುಮಾಡಿ ಕರೆಂಟನ್ನು ಗ್ರೌಂಡಿಗೆ ಹರಿಸುತ್ತವೆ. ಬಹಳ ಆದರೆ ತಾವೇ ಶಾರ್ಟ್ ಆಗಿ ಸಾಯುತ್ತವೆ. ಸಾಯುವಾಗ ಲೈನನ್ನೇ ಗ್ರೌಂಡಿಗೆ ಕಟ್ಟಿ ಹಾಕುವುದರಿಂದ ಹಿಂದಿರುವ ಚಿಪ್ ಬದುಕುತ್ತದೆ. ಈಸಿ ಬ್ರಾಂಚಿನವರಿಗೆ ಇದು ಗೊತ್ತಿರಬಹುದು, ಸಿಎಸ್‌ನವನಾದ ನನಗೆ ಅಂದು ಗೊತ್ತಾಯಿತು. ನಮ್ಮ ಡಿಸ್ಕಿನ 5 ವೋಲ್ಟ್ ಕಡೆಯ ಡಯೋಡ್ ಎರಡೂ ದಿಕ್ಕಿನಲ್ಲಿ ಸೊನ್ನೆ ಓಮ್ ತೋರಿಸುತ್ತಿತ್ತು. ಮಷಿನ್ ಆನ್ ಆಗದೆ ಇದ್ದದ್ದು ಇದಕ್ಕೇ, ಶಾರ್ಟ್ ಕಂಡ ಎಸ್‌ಎಂಪಿಎಸ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿತ್ತು.

ಆ ಡಯೋಡನ್ನು ಸೋಲ್ಡರ್ ಕಾಯಿಸಿ ತೆಗೆದೆವು. ಚೆನ್ನಾಗಿದೆ ಅಂತ ಅಳೆದು ಖಾತ್ರಿ ಮಾಡಿಕೊಂಡ ಎಸ್‌ಎಂಪಿಎಸ್‌ಗೆ ಡಿಸ್ಕ್ ಹಚ್ಚಿದರೆ ಮೆಲ್ಲಗೆ ತಿರುಗತೊಡಗಿತು. ಡಯೋಡ್ ಇಲ್ಲದ ಡಿಸ್ಕಿಗೆ ಇನ್ನು ಕಾವಲಿಲ್ಲ, ಹೀಗಾಗಿ ಮೊದಲ ಓಟದಲ್ಲೇ ಎಲ್ಲಾ ಕಾಪಿ ಮಾಡಿ ಎರಡು ಪೆನ್ ಡ್ರೈವಿಗೆ ಹಾಕಿದೆವು. ಆಮೇಲೆ ಆ ಡಿಸ್ಕಿಗೆ ನಿವೃತ್ತಿ. ಡಯೋಡಿನ ಹಿಂದಿನ ಚಿಪ್ಪೂ ಸುಟ್ಟಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಅಂಥಾ ಹೊತ್ತಿನಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ಹಾಕಿದರಾಯ್ತು ಅಂತ ಬಹಳ ಜನ ಹೇಳ್ತಾರೆ. ಹಾಗೆ ಸುಮ್ಮನೆ ಹಾಕಿದರೆ ಈ ಕಾಲದ ಡಿಸ್ಕುಗಳು ಸಾಮಾನ್ಯವಾಗಿ ಓದುವುದಿಲ್ಲ. ಪ್ರತಿ ಡಿಸ್ಕಿನ ಹೆಡ್ಡಿಗೆ ಹೊಂದಿಸಿದ ಲೆಕ್ಕಾಚಾರ ಬೋರ್ಡಿನ ರಾಮ್ ಚಿಪ್ಪಿನಲ್ಲಿ, ಅಂದರೆ ಓದಲು ಮಾತ್ರದ ಮೆಮೊರಿಯಲ್ಲಿ, ಇರುತ್ತದೆ. ಹಳೇ ಬೋರ್ಡಿನ ಆ ಚಿಪ್ಪನ್ನೂ ಕಿತ್ತು ಹೊಸದಕ್ಕೆ ಕೂಡಿಸಬೇಕು.

ಎಸ್‌ಎಂಪಿಎಸ್ ಅಳೆಯುವುದು

ಇದಾದ ಮೇಲೆ ನಾವು ಹಾಕಿಕೊಂಡ ಕಟ್ಟಳೆ: ಯಾವ ಎಸ್‌ಎಂಪಿಎಸ್ಸೂ ಮೊದಲು ಬಲ್ಬ್ ಉರಿಸಿ ಪಾಸಾಗಬೇಕು, ಆಮೇಲೆ ಬೋರ್ಡು. 24 ಪಿನ್ ಕನೆಕ್ಟರಿನ ಹಸಿರು ವೈರನ್ನು ಯಾವುದಾದರೂ ಕಪ್ಪು ವೈರಿಗೆ ಒಂದು ತಂತಿಯಿಂದ ಮುಟ್ಟಿಸಿದರೆ ಎಸ್‌ಎಂಪಿಎಸ್ ಒಂಟಿಯಾಗಿಯೇ ಆನ್ ಆಗುತ್ತದೆ. ಇದು ಎಲ್ಲರಿಗೂ ಗೊತ್ತು. ಎಡವುವುದು ಎಲ್ಲಿ ಅಂದರೆ, ಖಾಲಿ ಓಡಿಸಿ ಅಳೆದರೆ ಕೆಟ್ಟ ಎಸ್‌ಎಂಪಿಎಸ್ಸೂ ಚಂದ ಕಾಣುತ್ತದೆ. ಭಾರ ಹೊರಿಸಬೇಕು. ಗೆಳೆಯನ ಅಣ್ಣನ ಗ್ಯಾರೇಜಿನಿಂದ ಬೈಕಿನ ಹಳೇ ಹೆಡ್‌ಲೈಟ್ ಬಲ್ಬ್ ತಂದೆವು. 12 ವೋಲ್ಟ್, 35 ವ್ಯಾಟ್, ಅಂದರೆ ಸುಮಾರು 3 ಆಂಪಿಯರ್. ಹಳದಿ ಮತ್ತು ಕಪ್ಪು ವೈರಿಗೆ ಅದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ಅಳೆಯುವುದು. 12 ವೋಲ್ಟ್ ಲೈನು 11.4ರಿಂದ 12.6ರೊಳಗೆ, ಕೆಂಪು 5 ವೋಲ್ಟ್ ಲೈನು 4.75ರಿಂದ 5.25ರೊಳಗೆ, ಕಿತ್ತಳೆ 3.3 ವೋಲ್ಟ್ ಲೈನು 3.14ರಿಂದ 3.47ರೊಳಗೆ ಇರಬೇಕು. ನೇರಳೆ ವೈರು ಬಟನ್ ಒತ್ತುವ ಮೊದಲೇ 5 ವೋಲ್ಟ್ ಕೊಡುತ್ತಿರಬೇಕು. ಅದು ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ಅಷ್ಟೇ.

ಆ ಫಳಫಳ ಎಸ್‌ಎಂಪಿಎಸ್ಸನ್ನು ಆಮೇಲೆ ಅಳೆದೆವು. ಕೆಂಪು ವೈರಿನಲ್ಲಿ 7 ವೋಲ್ಟಿನ ಮೇಲಿತ್ತು. ಎರಡು ನಿಮಿಷದ ಕೆಲಸ ಮಾಡಿದ್ದರೆ 5ನೇ ನಂಬರ್ ಬದುಕುತ್ತಿತ್ತು.

ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಡಿಸಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಹಳೇ ದಪ್ಪ ಸಿಆರ್‌ಟಿ ಮಾನಿಟರಿಗೂ ಇದೇ ಮಾತು, ಅಲ್ಲಿ ವೋಲ್ಟೇಜ್ ಸಾವಿರಗಳಲ್ಲಿ.

ಇನ್ನೊಂದು ವಿಷಯ. ಸಾಲಿಯ ಲ್ಯಾಬಿನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಹುಡುಗರು "ಕಂಪ್ಯೂಟರ್ ಕರೆಂಟ್ ಹೊಡಿತೈತಿ" ಅಂತ ಹತ್ತಿರ ಬರುತ್ತಿರಲಿಲ್ಲ. ಮಷಿನ್ ಕೆಟ್ಟಿಲ್ಲ, ಪ್ಲಗ್ಗಿನ ಮೂರನೇ ತೂತಿಗೆ ಅರ್ಥ್ ವೈರೇ ಇಲ್ಲ. ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಜೋಡಣೆ ಆಗಿರುತ್ತವೆ, ಗದ್ದಲದ ಸಿಗ್ನಲ್ ಸೋಸಲು. ಅರ್ಥ್ ಇದ್ದರೆ ಆ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಎರಡು ಕೆಪಾಸಿಟರ್ ನಡುವಿನ ಕ್ಯಾಬಿನೆಟ್ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ, ತೇಲುತ್ತದೆ. ಕರೆಂಟು ಅತಿ ಕಡಿಮೆ, ಆದರೂ ಟೆಸ್ಟರ್ ಉರಿಯುತ್ತದೆ, ಕೈಗೆ ತಿಳಿಯುತ್ತದೆ. ಬೇಸಿಕ್ ಎಲೆಕ್ಟ್ರಿಕಲ್ಸ್ ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಊರಿನ ವಯರ್‌ಮನ್ ಕಾಕಾ ಬಂದು ಹೊಸ ಅರ್ಥಿಂಗ್ ಹಾಕಿಕೊಟ್ಟರು. ನಾವು ಮುಂದೆ ಏನು ಮಾಡಿದ್ದರೂ ಅದಿಲ್ಲದೆ ಉಪಯೋಗ ಇರಲಿಲ್ಲ.

ನೀರು ಕಂಡ ಎರಡು

3 ಮತ್ತು 4 ನಂಬರಿನವು 2019ರ ಆಗಸ್ಟಿನ ಕೃಷ್ಣಾ ಹೊಳೆಯ ನೀರು ಕಂಡವು. ಆ ಸಲ ಕುಡಚಿ ಸೇತುವೆ ಮುಳುಗಿ ಈ ಭಾಗದ ಎಷ್ಟೋ ಊರಿಗೆ ನೀರು ಬಂದದ್ದು ನಿಮಗೂ ನೆನಪಿರಬೇಕು. ಕ್ಯಾಬಿನೆಟ್ ಒಳಗೆ ಒಣಗಿದ ಕೆಸರು ಇನ್ನೂ ಇತ್ತು.

ನೀರು ಬಿದ್ದ ಕೂಡಲೇ ಬೋರ್ಡ್ ಸಾಯುವುದಿಲ್ಲ. ಕರೆಂಟು ಇದ್ದಾಗ ನೀರು ಬಿದ್ದರೆ ಸಾಯುತ್ತದೆ. "ಪ್ಲಗ್ ಕಿತ್ತಿತ್ತಲ್ಲ" ಅಂತೀರಿ. ಬೋರ್ಡಿನ ಮೇಲೆ 3 ವೋಲ್ಟಿನ ಸಿಆರ್2032 ನಾಣ್ಯದ ಸೆಲ್ಲು ಇರುತ್ತದಲ್ಲ, ಅದು ನೀರೊಳಗೂ ಕೆಲಸ ಮಾಡುತ್ತಲೇ ಇರುತ್ತದೆ. ಕೆಸರು ನೀರು, ತಾಮ್ರದ ಗೆರೆ, 3 ವೋಲ್ಟ್ ಡಿಸಿ: ಪಿಯುಸಿ ಕೆಮಿಸ್ಟ್ರಿಯ ಎಲೆಕ್ಟ್ರಾಲಿಸಿಸ್. 4ನೇ ಬೋರ್ಡಿನಲ್ಲಿ ಸೆಲ್ಲಿನ ಸುತ್ತ ಹಸಿರು ಕಿಲುಬು ಹಿಡಿದು ಗೆರೆಗಳು ತಿಂದುಹೋಗಿದ್ದವು. 3ನೇ ಬೋರ್ಡಿನಲ್ಲಿ ಸೆಲ್ಲೇ ಇರಲಿಲ್ಲ, ಯಾರೋ ಮೊದಲೇ ಕಿತ್ತಿದ್ದರು. ಆ ಪುಣ್ಯಾತ್ಮ ಯಾರೋ, ಅವರಿಂದ ಬೋರ್ಡ್ ಉಳಿಯಿತು. ಅದನ್ನು ಶುದ್ಧ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆತ್ತಗೆ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು, ಒಂದು ವಾರ ಫ್ಯಾನಿನ ಗಾಳಿಗೆ ಇಟ್ಟೆವು. ಆನ್ ಆಯಿತು. ನೆಟ್‌ವರ್ಕ್ ಪೋರ್ಟ್ ಮಾತ್ರ ಸತ್ತಿದೆ. ಎರಡರ ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕನ್ನು ಪರೀಕ್ಷೆ ಕೂಡ ಮಾಡದೆ ಬದಿಗಿಟ್ಟೆವು. ಹಾರ್ಡ್ ಡಿಸ್ಕಿಗೆ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ, ಹೊಳೆ ಕೆಸರು ಅದರೊಳಗೆ ಹೋಗಿರದೆ ಇರುವುದಿಲ್ಲ.

ಟೇಬಲ್ ಮೇಲೆ ಬರೀ ಬೋರ್ಡು

ಉಳಿದವುಗಳಿಗೆ ಒಂದೇ ಕ್ರಮ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ರಟ್ಟಿನ ಮೇಲೆ ಇಡುವುದು. ಪ್ರೊಸೆಸರ್, ಅದರ ಫ್ಯಾನು, ಪಾಸಾದ ಎಸ್‌ಎಂಪಿಎಸ್, 9ನೇ ನಂಬರಿನ ಸ್ಪೀಕರ್, ಅಷ್ಟೇ. ರ‍್ಯಾಮ್ ಹಾಕುವುದೇ ಇಲ್ಲ. ಪವರ್ ಬಟನಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸುವುದು. ಆಗ ಬೋರ್ಡ್ ಬೀಪ್ ಬೀಪ್ ಅಂತ ಒದರಿದರೆ ಖುಷಿಪಡಬೇಕು. ಅದರ ಅರ್ಥ ಪ್ರೊಸೆಸರ್ ಜೀವಂತ ಇದೆ, ಬಯಾಸ್ ಓಡುತ್ತಿದೆ, ರ‍್ಯಾಮ್ ಇಲ್ಲ ಅಂತ ದೂರುತ್ತಿದೆ. ಏನೂ ಶಬ್ದ ಬಾರದಿದ್ದರೆ ರೋಗ ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇದೆ. ಆಮೇಲೆ ಒಂದು ರ‍್ಯಾಮ್, ಆಮೇಲೆ ಮಾನಿಟರ್, ಆಮೇಲೆ ಕೀಬೋರ್ಡ್, ಕೊನೆಗೆ ಡಿಸ್ಕ್. ಒಂದು ಸಲಕ್ಕೆ ಒಂದೇ ವಸ್ತು. ಇದು ನಮಗೆ ಡೀಬಗ್ಗಿಂಗ್‌ನಲ್ಲಿ ಗೊತ್ತಿರುವುದೇ, ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಬಂದ ತಕ್ಷಣ ಮರೆತುಹೋಗುತ್ತದೆ.

1ನೇದು ಹೀಗೇ ಹತ್ತು ನಿಮಿಷದಲ್ಲಿ ಎದ್ದು ಕೂತಿತು. ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಒರೆಸಿ ಹಾಕಿದ್ದಷ್ಟೇ. 2ಕ್ಕೆ ಬೇಕಾಗಿದ್ದು ಎಸ್‌ಎಂಪಿಎಸ್, ಪಾಸಾದ ಒಂದನ್ನು ಕೊಟ್ಟೆವು. 7 ಆನ್ ಆಗಿ ಐದು ನಿಮಿಷಕ್ಕೆ ಆಫ್ ಆಗುತ್ತಿತ್ತು. ಎಲ್‌ಜಿಎ775ರ ಕಂಪನಿ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಗೂಟ ಇರುತ್ತವೆ, ಅದರಲ್ಲಿ ಒಂದು ಮುರಿದು ಹೀಟ್‌ಸಿಂಕ್ ಒಂದು ಮೂಲೆ ಎದ್ದಿತ್ತು. 4ರ ಫ್ಯಾನ್ ತಂದು, ಒಣಗಿ ಸುಣ್ಣದಂತಾಗಿದ್ದ ಹಳೇ ಪೇಸ್ಟ್ ಒರೆಸಿ, ಕಡಲೆಯಷ್ಟು ಹೊಸ ಪೇಸ್ಟ್ ಹಚ್ಚಿದ ಮೇಲೆ ಸರಿ. ಈ ಸಾಕೆಟ್ಟಿನಲ್ಲಿ ಪಿನ್ನು ಪ್ರೊಸೆಸರಿಗಲ್ಲ, ಬೋರ್ಡಿಗೆ ಇರುವುದು. ಪ್ರೊಸೆಸರ್ ತೆಗೆದಾಗ ಆ ಪಿನ್ನುಗಳ ಮೇಲೆ ಬಟ್ಟೆ ಆಡಿಸಿದರೆ ಬೋರ್ಡ್ ಮುಗೀತು.

6ರದು ನಗು ಬರುವ ಕಥೆ. ಎಲ್ಲಾ ಸರಿ, ಇಂಟರ್ನೆಟ್ ಮಾತ್ರ ಬರುವುದಿಲ್ಲ, ಯಾವ ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅನ್ನುವುದು. ಕೇಬಲ್ ಬದಲಿಸಿದೆವು, ಡ್ರೈವರ್ ಹಾಕಿದೆವು. ಕೊನೆಗೆ ಮೂಲೆಯ ಗಡಿಯಾರ ನೋಡಿದರೆ 2009ನೇ ಇಸವಿ! ಸೆಲ್ಲು ಸತ್ತು ಬೋರ್ಡಿಗೆ ಕಾಲಜ್ಞಾನ ಹೋಗಿತ್ತು. 2009ರಲ್ಲಿ ಕೂತು ನೋಡಿದರೆ ಇಂದಿನ ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹೊಸ ಸೆಲ್ಲು ಹಾಕಿದೆವು.

ರ‍್ಯಾಮಿನ ಲೆಕ್ಕ

ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್, ಉದ್ದವೂ ಒಂದೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ವೋಲ್ಟೇಜ್ ಬೇರೆ, 1.8 ಮತ್ತು 1.5. ಬಲ ಹಾಕಿ ಒತ್ತಬೇಕಾದ ಹಾಗೆ ಅನ್ನಿಸಿದರೆ ಅದು ಆ ಬೋರ್ಡಿನದಲ್ಲ. ಇಷ್ಟು ಎಲ್ಲರೂ ಹೇಳ್ತಾರೆ.

ನಾವು ಒಂದು ಇಡೀ ಶನಿವಾರ ಕಳೆದುಕೊಂಡಿದ್ದು ಬೇರೆ ಕಾರಣಕ್ಕೆ. ಸೀನಿಯರ್ ಒಬ್ಬರು 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್ ಕೊಟ್ಟಿದ್ದರು. ಎಚ್61 ಬೋರ್ಡಿನಲ್ಲಿ ಚೆನ್ನಾಗಿ ಓಡಿದವು. ಜಿ41ಕ್ಕೆ ಹಾಕಿದರೆ ಬೀಪ್. ಅದೇ ಜಿ41ಕ್ಕೆ ಹಳೇ 2 ಜಿಬಿ ಹಾಕಿದರೆ ಸರಿ. ರ‍್ಯಾಮೂ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಕೊನೆಗೆ ಚಿಪ್ ಎಣಿಸಿದಾಗ ತಿಳಿಯಿತು. 4 ಜಿಬಿ ಅಂದರೆ 32 ಗಿಗಾಬಿಟ್. ಅದನ್ನು 2 ಗಿಗಾಬಿಟ್ಟಿನ 16 ಚಿಪ್ಪಿನಿಂದ ಕಟ್ಟಬಹುದು, 4 ಗಿಗಾಬಿಟ್ಟಿನ 8 ಚಿಪ್ಪಿನಿಂದಲೂ ಕಟ್ಟಬಹುದು. ಜಿ41ರ ಮೆಮೊರಿ ಕಂಟ್ರೋಲರ್ ತಯಾರಾದ ಕಾಲಕ್ಕೆ 4 ಗಿಗಾಬಿಟ್ ಚಿಪ್ ಅದರ ಲೆಕ್ಕದಲ್ಲೇ ಇರಲಿಲ್ಲ, ಅಷ್ಟು ದೊಡ್ಡ ಚಿಪ್ಪಿನ ವಿಳಾಸ ಕೂಗಲು ಅದಕ್ಕೆ ಬರುವುದಿಲ್ಲ. ಎರಡೂ ಬದಿ ಸೇರಿ 16 ಚಿಪ್ ಇರುವ 4 ಜಿಬಿ ಹುಡುಕಿದರೆ ನಡೆಯುತ್ತದೆ. ಹಳೇ ರ‍್ಯಾಮ್ ಕೊಳ್ಳಲು ಮಿರಜಿಗೋ ಬೆಳಗಾವಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋದರೆ ಜಿಬಿ ಕೇಳಬೇಡಿ, ಕೈಗೆ ತೆಗೆದುಕೊಂಡು ಚಿಪ್ ಎಣಿಸಿ. ಡಿಡಿಆರ್2ರಲ್ಲಿ ಇನ್ನೊಂದು ಮೋಸ ಇದೆ: ಅಗ್ಗಕ್ಕೆ ಸಿಗುವ 4 ಜಿಬಿ ಕಡ್ಡಿಗಳಲ್ಲಿ ಎಷ್ಟೋ ಎಎಂಡಿ ಬೋರ್ಡಿಗೆ ಮಾತ್ರ ಆಗುವಂಥವು, ಇಂಟೆಲ್ ಬೋರ್ಡಿನಲ್ಲಿ ನಡೆಯುವುದಿಲ್ಲ.

ಸೇರಿಸಿದ ರ‍್ಯಾಮನ್ನೆಲ್ಲ ಮೆಮ್‌ಟೆಸ್ಟ್86+ನಲ್ಲಿ ರಾತ್ರಿಯಿಡೀ ಓಡಿಸಿದೆವು. ಒಂದು ಕಡ್ಡಿ ಬೆಳಗಿನ ಜಾವ ತಪ್ಪು ತೋರಿಸಿತು. ಒಂದು ತಪ್ಪು ಬಂದರೂ ಆ ಕಡ್ಡಿ ಹೊರಗೆ.

ಹಾರ್ಡ್ ಡಿಸ್ಕ್

ರ‍್ಯಾಮನ್ನು ನಂಬಬಹುದು, ಪರೀಕ್ಷೆ ಪಾಸಾದರೆ ಬಹುಕಾಲ ಬಾಳುತ್ತದೆ. ಪ್ರೊಸೆಸರ್ ಅಂತೂ ಸಾಯುವುದೇ ಅಪರೂಪ. ಹಳೇ ಹಾರ್ಡ್ ಡಿಸ್ಕ್ ಮಾತ್ರ ಇವತ್ತು ಪಾಸಾಗಿ ನಾಳೆ ಕೈ ಕೊಡುವ ಜಾತಿ. ಪ್ರತಿ ಡಿಸ್ಕೂ ತನ್ನ ದಿನಚರಿ ಬರೆದಿಟ್ಟಿರುತ್ತದೆ, ಅದನ್ನು ಸ್ಮಾರ್ಟ್ ವರದಿ ಅಂತಾರೆ. ಅದರಲ್ಲಿ 5, 197, 198 ಈ ಮೂರು ಸಾಲು ನೋಡಿ: ಬದಲಿಸಿದ ಸೆಕ್ಟರ್, ಬದಲಿಸಲು ಕಾದಿರುವ ಸೆಕ್ಟರ್, ಓದಲಾಗದ ಸೆಕ್ಟರ್. ಮೂರೂ ಸೊನ್ನೆ ಇದ್ದರೆ ಇಟ್ಟುಕೊಳ್ಳಿ. 197ರಲ್ಲಿ ಸಂಖ್ಯೆ ಇದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದರ ಮೇಲೆ ಏನನ್ನೂ ಇಡಬೇಡಿ. ನಮ್ಮ ಒಂಬತ್ತರಲ್ಲಿ ಹೊಳೆಗೆ ಹೋದವು ಎರಡು, ನಿವೃತ್ತ ಒಂದು, 197 ಏರಿದವು ಮೂರು. ಉಳಿದದ್ದು ಮೂರು. ಎರಡು ಕಡಿಮೆ ಬಿದ್ದವು, ಅದಕ್ಕೆ ಚಂದಾ ಎತ್ತಿ 120 ಜಿಬಿಯ ಎರಡು ಎಸ್‌ಎಸ್‌ಡಿ ಕೊಂಡೆವು. ಸೆಲ್ಲು, ಪೇಸ್ಟು ಬಿಟ್ಟರೆ ಹೊಸದಾಗಿ ಕೊಂಡದ್ದು ಇಷ್ಟೇ.

ಹಳೇ ಮಷಿನ್ನಿಗೆ ಎಸ್‌ಎಸ್‌ಡಿ ಹಾಕಿದರೆ ಯಾಕೆ ಹೊಸ ಜೀವ ಬಂದ ಹಾಗೆ ಆಗುತ್ತದೆ? ಲೆಕ್ಕ ಹಾಕಿ ನೋಡ್ರಿ. ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಸೆಕೆಂಡಿಗೆ 120, ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4.17. ಹೆಡ್ ಅತ್ತಿತ್ತ ಸರಿಯಲು ಇನ್ನೊಂದು 8-9. ಒಟ್ಟು ಸುಮಾರು 13 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ ಎಪ್ಪತ್ತೈದು ಎಂಬತ್ತು ಚಿಕ್ಕ ಫೈಲು. ಆಪರೇಟಿಂಗ್ ಸಿಸ್ಟಮ್ ಎದ್ದೇಳುವಾಗ ಓದುವುದು ಸಾವಿರಾರು ಚಿಕ್ಕ ಫೈಲು. ಎಸ್‌ಎಸ್‌ಡಿಗೆ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ, ಸೆಕೆಂಡಿಗೆ ಸಾವಿರಗಟ್ಟಲೆ ಓದುತ್ತದೆ. ಹಳೇ ಬೋರ್ಡಿನ ಸಾಟಾ ಪೋರ್ಟ್ ನಿಧಾನದ್ದು, ಎಸ್‌ಎಸ್‌ಡಿ ದಂಡ ಅನ್ನುವವರು ಇದನ್ನು ಮರೀತಾರೆ. ಗಳಿಕೆ ಇರುವುದು ಪೋರ್ಟಿನ ವೇಗದಲ್ಲಲ್ಲ, ಕಾಯುವುದು ತಪ್ಪುವುದರಲ್ಲಿ.

ಒಳಗೆ ಏನು ಹಾಕಿದೆವು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಧಾರಣವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ, ಆದರೆ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಎಂಬ ಸೂಚನೆ ಪ್ರೊಸೆಸರಿನಲ್ಲೇ ಇರಬೇಕು. ಕೋರ್ 2 ಡ್ಯುಯೋದಲ್ಲಿ ಅದು ಇಲ್ಲ, ಬೂಟೇ ಆಗುವುದಿಲ್ಲ. ಹೀಗಾಗಿ ಎಸ್‌ಎಸ್‌ಡಿ ಹಾಕಿದ ಎರಡು ಐ3ಗಳಿಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ, ಉಳಿದ ಮೂರಕ್ಕೆ ಡೆಬಿಯನ್ ಮತ್ತು ಹಗುರವಾದ ಎಲ್‌ಎಕ್ಸ್‌ಕ್ಯೂಟಿ.

ಟೀಚರ್ ಕೇಳಿದ ಮೊದಲ ಪ್ರಶ್ನೆ ಬೇರೆಯೇ ಇತ್ತು: "ಇದರಾಗ ನುಡಿ ಬರತೈತೇನ್ರಿ?" ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ದಾರಿಯದೇ. ಲಿನಕ್ಸಿನ ಐಬಸ್‌ನಲ್ಲಿ ಅದು ಕೆಜಿಪಿ ಎಂಬ ಹೆಸರಿನಲ್ಲಿದೆ. ಹಾಕಿಕೊಟ್ಟೆವು. ಅವರು ಕೂತು ಒಂದು ರಜೆ ಅರ್ಜಿ ಟೈಪ್ ಮಾಡಿ ನೋಡಿ, "ಹಾಂ, ಬೆರಳಿಗೆ ಅದೇ ಐತಿ" ಅಂದರು. ಅಲ್ಲಿಗೆ ಲಿನಕ್ಸ್ ಪಾಸಾಯಿತು.

ಇದೇನು ನಾವು ಕಂಡುಹಿಡಿದ ದಾರಿಯಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್, ಈಗಿನ ಕೈಟ್, ಶಾಲೆಗಳಲ್ಲಿ ಲಿನಕ್ಸನ್ನೇ ಬಳಸಿಕೊಂಡು ಬಂದಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿ. ಅಲ್ಲಿ ಕೆಟ್ಟ ಕಂಪ್ಯೂಟರುಗಳಿಗೆ ಹಾರ್ಡ್‌ವೇರ್ ಕ್ಲಿನಿಕ್ ಅಂತ ಶಿಬಿರ ನಡೆಸಿ, ಮಕ್ಕಳ ಕೈಯಲ್ಲೇ ಸ್ಕ್ರೂಡ್ರೈವರ್ ಕೊಟ್ಟರು. 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕ್ಲಬ್ಬುಗಳೂ ಇವೆ. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಎಂಬುದನ್ನು ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ದಾನದ ಕಂಪ್ಯೂಟರುಗಳಿಂದ ನಡೆಸಿದ್ದೂ ಇದೇ ಬಗೆಯದು. ನಮ್ಮ ಸಾಲಿಯಲ್ಲೂ ಮೂರನೇ ಶನಿವಾರದಿಂದ ಒಂಬತ್ತನೇ ಕ್ಲಾಸಿನ ಆರು ಹುಡುಗಿಯರು ಬಂದು ಕೂಡತೊಡಗಿದರು. ಈಗ ರ‍್ಯಾಮ್ ಒರೆಸುವುದು, ಸೆಲ್ಲು ಬದಲಿಸುವುದು ಅವರೇ. ನಾವು ಆರು ತಿಂಗಳಿಗೊಮ್ಮೆ ಹೋಗಬಹುದು, ಅವರು ದಿನಾ ಅಲ್ಲೇ ಇರ್ತಾರೆ.

ರಜಿಸ್ಟರ್ ವಿಷಯ ಹಗುರ ಮಾಡಬೇಡಿ. ಸರಕಾರಿ ಸಾಲಿಯ ಕಂಪ್ಯೂಟರಿನ ಪಾರ್ಟ್ ಒಂದರಿಂದ ಒಂದಕ್ಕೆ ಹೋದರೆ ಕಾಗದದಲ್ಲಿ ಇರಬೇಕು, ಇಲ್ಲದಿದ್ದರೆ ಮುಂದೆ ತಪಾಸಣೆಗೆ ಬಂದಾಗ ಹೆಡ್ ಸರ್ ಉತ್ತರ ಕೊಡಬೇಕಾಗುತ್ತದೆ. ನಾವು ಒಂದು ಪುಟ ಬರೆದು ಸಹಿ ಹಾಕಿಸಿಕೊಂಡೆವು: 4ರ ಫ್ಯಾನ್ 7ಕ್ಕೆ, 9ರ ಸ್ಪೀಕರ್ ಪರೀಕ್ಷೆಗೆ, 5ರ ಬೋರ್ಡ್ ವಿದ್ಯಾರ್ಥಿಗಳ ಕೈಯಲ್ಲಿ ಕೆಟ್ಟಿದ್ದು. ಕೊನೆಯ ಸಾಲು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ಉಳಿದ ಸತ್ತ ಸಾಮಾನನ್ನು ಭಂಗಾರದವನಿಗೆ ಹಾಕಬೇಡಿ ಅಂತ ಹೆಡ್ ಸರ್‌ಗೆ ಹೇಳಿದೆವು. ಸಿಆರ್‌ಟಿ ಗಾಜಿನಲ್ಲಿ ಸೀಸ ಇದೆ. ತಾಮ್ರಕ್ಕಾಗಿ ಅದನ್ನು ಒಡೀತಾರೆ, ವೈರು ಸುಡ್ತಾರೆ, ಆ ಹೊಗೆ ಅದೇ ಊರಿನ ಮಕ್ಕಳಿಗೇ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ದೇಶದಲ್ಲಿ ಈ ಕೆಲಸವನ್ನು ಮೊದಲು ಶುರುಮಾಡಿದವರಲ್ಲಿ ನಮ್ಮದೇ ದಾಬಸ್‌ಪೇಟೆಯ ಇ-ಪರಿಸರ ಒಂದು. ಇಲ್ಲಿಂದ ಅದು ದೂರ, ಹೀಗಾಗಿ ಸದ್ಯಕ್ಕೆ ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಚೀಟಿ ಅಂಟಿಸಿ ಇಟ್ಟಿದ್ದೇವೆ.

ಉಳಿದದ್ದು 8ನೇ ನಂಬರು. ಜಿ31 ಬೋರ್ಡು, ಕೆಪಾಸಿಟರ್ ಚೆನ್ನಾಗಿವೆ, ಎಸ್‌ಎಂಪಿಎಸ್ ಪಾಸಾದದ್ದು, ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಓಡುತ್ತದೆ. ರ‍್ಯಾಮ್ ಇಲ್ಲದೆ ಹಚ್ಚಿದರೆ ಬೀಪ್ ಬರುತ್ತದೆ, ರ‍್ಯಾಮ್ ಹಾಕಿದರೂ ಅದೇ ಬೀಪ್, ಎರಡೂ ಸ್ಲಾಟಿನಲ್ಲಿ, ನಾಲ್ಕು ಬೇರೆ ಬೇರೆ ಕಡ್ಡಿಯಲ್ಲಿ. ಸ್ಲಾಟಿನ ಹತ್ತಿರ 1.8 ವೋಲ್ಟ್ ಇದೆಯೋ ಇಲ್ಲವೋ ಅಂತ ಇನ್ನೂ ಅಳೆದಿಲ್ಲ. ಬರುವ ಶನಿವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುತ್ತೇವೆ. ಈಸಿಯವರು ಯಾರಾದರೂ ಬರುವುದಾದರೆ ಮಲ್ಟಿಮೀಟರ್ ಜೊತೆಗೆ ತನ್ನಿ, ನಮ್ಮದರ ಪ್ರೋಬ್ ತುಂಡಾಗಿದೆ.